ಹನ್ನೆರಡು ಗುಂಟೆ

"ನೂರ ಮೂವತ್ತೆರಡು!" ಎಂದಳು ರಾಜಶ್ರೀ.

"ನೂರ ಮೂವತ್ತೈದು," ಎಂದಳು ಪಲ್ಲವಿ.

ಒಟ್ಟಿಗೇ ಹೇಳಬೇಕೆಂದು ಮೊದಲೇ ಮಾತಾಗಿತ್ತು. ಒಟ್ಟಿಗೇ ಹೇಳಿ, ಒಟ್ಟಿಗೇ ಕುಣಿದು, ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಒಂದೊಂದು ಪ್ಲೇಟ್ ಗಿರಮಿಟ್ ತಿಂದು ಮನೆಗೆ ಹೋಗುವುದೆಂದೂ ಮಾತಾಗಿತ್ತು. ಈಗ ಇಬ್ಬರೂ ಬಾಯಿ ತೆರೆದುಕೊಂಡೇ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಶನಿವಾರ ಮಧ್ಯಾಹ್ನ ಕಾಲೇಜು ಖಾಲಿ. ಬಿ.ಎಸ್ಸಿ. ಕೊನೆಯ ವರ್ಷದ ಕ್ಲಾಸಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಒಂದು ಕಪ್ಪು ಹಲಗೆ, ತಿರುಗುವುದಕ್ಕಿಂತ ಹೆಚ್ಚು ಕಿರುಗುಡುವ ಒಂದು ಫ್ಯಾನು.

"ಇನ್ನೊಮ್ಮೆ ಹೇಳು," ಎಂದಳು ರಾಜಶ್ರೀ.

"ನೂರ ಮೂವತ್ತೈದು ಸಾವಿರ. ನಿಂದ?"

"ನೂರ ಮೂವತ್ತೆರಡು. ನಿಂದ ತಪ್ಪೈತಿ."

ಇದು ಪುಸ್ತಕದ ಲೆಕ್ಕವಾಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಇದು ರಾಜಶ್ರೀಯ ಊರು ಮಸೂತಿಯ ಹೊಲದ ಲೆಕ್ಕ. ಅವಳ ತಾಯಿ ಸುಂದರವ್ವ ತನ್ನ ಸಂಘದ ಹೆಂಗಸರನ್ನು ಕೂಡಿಸಿಕೊಂಡು, ತಾನೂ ಸೇರಿ ಎಂಟು ಮಂದಿಯಾಗಿ, ಚಂದಪ್ಪನ ಹೊಲವನ್ನು ಈ ಹಿಂಗಾರಿಗೆ ಲಾವಣಿ, ಅಂದರೆ ಗೇಣಿಗೆ, ಹಿಡಿದಿದ್ದಳು. ಆ ಊರಿನ ಹೆಂಗಸರು ಹೊಲ ಮಾಡದವರೇನಲ್ಲ, ಹುಟ್ಟಿದಾಗಿನಿಂದ ಮಾಡುತ್ತಲೇ ಬಂದವರು. ಆದರೆ ಗಂಡಸರ ಹೆಸರಿಲ್ಲದೆ ತಮ್ಮ ಹೆಸರಿನಲ್ಲಿ ತಾವೇ ಹೊಲ ಹಿಡಿದದ್ದು ಇದೇ ಮೊದಲು. ಉಳ್ಳಾಗಡ್ಡಿ ಎಷ್ಟು, ಕಡಲೆ ಎಷ್ಟು ಎಂಬ ಮಾತು ಬಂದಾಗ ಎಂಟು ಬಾಯಿಂದ ಎಂಟು ಲೆಕ್ಕ ಹೊರಟಿತು. ಶೆಟ್ಟೆವ್ವನಂತೂ ಇಡೀ ಹೊಲಕ್ಕೆ ಉಳ್ಳಾಗಡ್ಡಿಯನ್ನೇ ಹಾಕಬೇಕೆಂದು ಪಟ್ಟು ಹಿಡಿದಳು. ಆಗ ಸುಂದರವ್ವ ಎದೆ ತಟ್ಟಿಕೊಂಡು ಹೇಳಿಬಿಟ್ಟಳು: "ನನ್ನ ಮಗಳು ಲೆಕ್ಕಾ ಮಾಡಿ ಹೇಳ್ತಾಳ. ಅಕಿ ಹೇಳಿದ್ದ ಬಿತ್ತೂದು. ತಪ್ಪಿತಂದ್ರ ನನ್ನ ಮುಖಕ್ಕ ಉಗುಳ್ರಿ."

ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಬಿತ್ತುವ ಟ್ರ್ಯಾಕ್ಟರಿನ ಗೈಬುಸಾಬ ನಾಳೆ ಬೆಳಿಗ್ಗೆ ಬರುತ್ತೇನೆಂದಿದ್ದ. ನಾಳೆ ಬಿಟ್ಟರೆ ಅವನು ಮನಗೂಳಿಯ ಕಡೆ ಹೋಗುವವ, ಮತ್ತೆ ಅವನು ಸಿಕ್ಕುವಷ್ಟರಲ್ಲಿ ಹದ ಆರಿ ಹೋಗಿರುತ್ತಿತ್ತು.

ಇನ್ನೊಂದು ಸಂಗತಿಯೂ ಇತ್ತು. ಅದು ರಾಜಶ್ರೀಗೆ ಮಾತ್ರ ಗೊತ್ತು. ಲೆಕ್ಕ ತಾಳೆಯಾಗುವವರೆಗೆ ಯಾರಿಗೂ ಉತ್ತರ ಹೇಳಬಾರದು ಎಂದು ಪ್ರೇಮಕುಮಾರ ಸರ್ ಸಾರಿ ಸಾರಿ ಹೇಳಿದ್ದರೂ, ಅವಳು ನಿನ್ನೆ ಸಂಜೆಯೇ ತಾಯಿಗೆ ಹೇಳಿಬಿಟ್ಟಿದ್ದಳು. "ಉಳ್ಳಾಗಡ್ಡಿ ಮೂರ ಎಕರೆ ಎಂಟ ಗುಂಟೆ, ಕಡಲಿ ಎರಡ ಎಕರೆ. ಹಾಕ್ರಿ ಗುರುತ!" ಎಂದು ಹೇಳಿದಾಗ ತಾಯಿಯ ಮುಖ ಅರಳಿದ್ದನ್ನು ನೋಡಿ ಅವಳಿಗೂ ಎರಡು ಕೊಂಬು ಮೂಡಿದಂತಾಗಿತ್ತು.

ಪ್ರೇಮಕುಮಾರ ಸರ್ ಅತಿಥಿ ಉಪನ್ಯಾಸಕರು. ಊರು ಇಂಡಿ. ವಾರದಲ್ಲಿ ಎರಡು ದಿನ ಸಿಂದಗಿ, ಎರಡು ದಿನ ಮುದ್ದೇಬಿಹಾಳ, ಎರಡು ದಿನ ಬಾಗೇವಾಡಿ; ಉಳಿದ ಆಯುಷ್ಯವೆಲ್ಲ ಬಸ್ಸಿನಲ್ಲಿ. ರೇಖೀಯ ಯೋಜನೆಯ, ಅಂದರೆ ಲೀನಿಯರ್ ಪ್ರೋಗ್ರಾಮಿಂಗಿನ, ಪಾಠಕ್ಕೆ ಅವರದೊಂದು ಸ್ವಂತದ ಪದ್ಧತಿ ಇತ್ತು. ಲೆಕ್ಕ ಒಂದು, ಬಿಡಿಸುವವರು ಇಬ್ಬರು. ಒಬ್ಬರು ಮೂಲ ಲೆಕ್ಕ ಮಾಡಬೇಕು: ಇರುವ ನೆಲ, ನೀರು, ಕೈಗಳಲ್ಲಿ ಯಾವ ಬೆಳೆ ಎಷ್ಟು ಹಾಕಿದರೆ ಹೆಚ್ಚಿನ ಲಾಭ? ಇನ್ನೊಬ್ಬರು ಅದರ ಜೋಡಿ ಲೆಕ್ಕ, ಅಂದರೆ ಡ್ಯುಯಲ್ ಮಾಡಬೇಕು: ಒಂದು ಎಕರೆ ನೆಲಕ್ಕೆ, ಒಂದು ತಾಸು ನೀರಿಗೆ, ಒಬ್ಬರ ಒಂದು ದಿನದ ದುಡಿಮೆಗೆ ಈ ಹೊಲದಲ್ಲಿ ನಿಜವಾದ ಬೆಲೆ ಎಷ್ಟು? ಒಂದು ಲೆಕ್ಕ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಇನ್ನೊಂದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎರಡೂ ಒಂದೇ ಅಂಕಿಯ ಮೇಲೆ ಬಂದು ನಿಲ್ಲಲೇಬೇಕು. ಇಬ್ಬರೂ ಹೊಲಕ್ಕೆ ಹೋಗಿ ಬೇರೆ ಬೇರೆ ಕೇಳಿ ಬರೆದುಕೊಳ್ಳಬೇಕು, ಒಬ್ಬರದು ಒಬ್ಬರು ಇಣುಕಬಾರದು. ಮೊತ್ತ ಕೂಡಿದರೆ ಸರ್ ಒಂದು ಸಾಲನ್ನೂ ಓದದೆ ಸಹಿ ಮಾಡುತ್ತಿದ್ದರು. ಕೂಡದಿದ್ದರೆ ಹೇಳುತ್ತಿದ್ದ ಮಾತು ಒಂದೇ: "ಇಬ್ಬರೊಳಗ ಯಾರೋ ಒಬ್ಬರು ಏನೋ ಕಳಕೊಂಡೀರಿ. ಹುಡುಕ್ರಿ. ನನ್ನ ಕೇಳಬ್ಯಾಡ್ರಿ."

ರಾಜಶ್ರೀ ತಾಯಿಯ ಹೊಲವನ್ನೇ ಈ ಪಾಠಕ್ಕೆ ತಂದು, ಮೂಲ ಲೆಕ್ಕವನ್ನು ನಕ್ಷೆಯ ಮೇಲೆ ಮಾಡಿದ್ದಳು. ಚೌಕಳಿ ಹಾಳೆಯ ಮೇಲೆ ನೆಲದ ಗೆರೆ, ನೀರಿನ ಗೆರೆ, ಕೈಗಳ ಗೆರೆ ಎಳೆದು, ನಡುವಿನ ಜಾಗಕ್ಕೆ ಹಳದಿ ಬಣ್ಣ ತುಂಬಿ, ಮೂಲೆ ಮೂಲೆಗೆ ಬೊಟ್ಟು ಇಟ್ಟು ನೋಡಿದ್ದಳು. ಅವಳಿಗೆ ಗೆರೆಗಳೆಂದರೆ ಪ್ರಾಣ. ಪಲ್ಲವಿ ಗೆರೆಗಳ ಗೋಜಿಗೆ ಹೋಗುವವಳಲ್ಲ. ಅವಳು ಕೋಷ್ಟಕ ಹಾಕುವವಳು. ಡ್ಯುಯಲ್ ಸಿಂಪ್ಲೆಕ್ಸಿನ ಒಂದೊಂದು ಮನೆಯನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಿ, ಒಂದು ಸಾಲು ಮುಗಿದ ಮೇಲೆ ಅದನ್ನು ಮತ್ತೊಮ್ಮೆ ಮೊದಲಿನಿಂದ ನೋಡುವವಳು. ಅವಳ ತಂದೆ ರಾವಸಾಬ ಆಲಮೇಲದಲ್ಲಿ ಸಾಲಿ ಮಾಸ್ತರರು, ಅವಳು ಬಾಗೇವಾಡಿಯ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ಕ್ಲಾಸಿನಲ್ಲಿ ಮೊದಲು ಕೈ ಎತ್ತುವವಳು ಯಾವಾಗಲೂ ರಾಜಶ್ರೀ. ಸರಿಯಾದ ಉತ್ತರ ಹೇಳುವವಳು ಅರ್ಧದಷ್ಟು ಸಲ ಪಲ್ಲವಿ.

"ಇನ್ನೊಂದು ಪದ್ಧತಿಲೆ ಮಾಡೂಣು," ಎಂದಳು ಪಲ್ಲವಿ. "ನೀ ಸಿಂಪ್ಲೆಕ್ಸ್ ಹಾಕು. ನಾ ಬಿಗ್-ಎಮ್ ಹಾಕ್ತೇನಿ. ಯಾರದು ತಪ್ಪೈತೋ ಅದು ಮುರದ ಬೀಳ್ತೈತಿ."

ಬೆನ್ನಿಗೆ ಬೆನ್ನು ಹಾಕಿ ಕುಳಿತರು. ರಾಜಶ್ರೀಯ ಪೆನ್ನು ಓಡಿತು. ಸಿಟ್ಟಿನಲ್ಲಿ ಅವಳ ಕೈ ಇನ್ನೂ ಚುರುಕು. ಮೊದಲ ಕೋಷ್ಟಕ, ಎರಡನೆಯದು, ಮೂರನೆಯದು. ಉಳ್ಳಾಗಡ್ಡಿ ಒಳಗೆ ಬಂತು, ಕಡಲೆ ಒಳಗೆ ಬಂತು, ಕೊನೆಯ ಸಾಲಿನಲ್ಲಿ ಋಣ ಚಿಹ್ನೆ ಒಂದೂ ಉಳಿಯಲಿಲ್ಲ. ಮೊತ್ತ ನೋಡಿದಳು. ನೂರ ಮೂವತ್ತೆರಡು. ಅವಳಿಗೆ ಕುರ್ಚಿಯ ಮೇಲೆ ಹತ್ತಿ ಕೂಗಬೇಕೆನ್ನಿಸಿತು. ಎರಡು ದಾರಿಯಿಂದ ಹೋದರೂ ಒಂದೇ ಮನೆ ಸಿಕ್ಕಿತೆಂದರೆ ಮನೆ ಅದೇ ಇರಬೇಕಲ್ಲವೇ?

"ಮತ್ತ ನೂರ ಮೂವತ್ತೆರಡ! ಈಗೇನಂತಿ?"

ಪಲ್ಲವಿ ಕೊನೆಯ ಸಾಲಿನ ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದಳು. ಆಮೇಲೆ ತಣ್ಣಗೆ, "ನಂದೂ ಮತ್ತ ನೂರ ಮೂವತ್ತೈದ," ಎಂದಳು.

ಅಷ್ಟರಲ್ಲಿ ರಾಜಶ್ರೀಯ ಫೋನು ಬಡಿದುಕೊಂಡಿತು. ತಾಯಿ.

"ಲಗೂನ ಬಾರವಾ," ಸುಂದರವ್ವನ ದನಿ ಹಬ್ಬದ ಮನೆಯ ದನಿಯಂತಿತ್ತು. "ಎಲ್ಲಾರೂ ಹೊಲದಾಗ ಕೂಡೇವಿ. ನೀ ಹೇಳಿದಂಗ ಗುರುತ ಹಾಕಾಕತ್ತೇವಿ. ಶೆಟ್ಟೆವ್ವನ ಬಾಯಿ ಮುಚ್ಚೈತಿ ನೋಡು ಇವತ್ತ! ನೀ ಬಂದು ಒಂದ ಸಲ ಕಣ್ಣಾಡಸಿದ್ರ ಮುಗೀತು."

"ಹ್ಞೂನವ್ವ, ಬರ್ತೇನಿ," ಎಂದು ಫೋನಿಟ್ಟಳು. ನಿನ್ನೆ ಹೇಳಿದ ಉತ್ತರ ಆಗಲೇ ಹೊಲದಲ್ಲಿ ಗುರುತಾಗುತ್ತಿತ್ತು. ಆ ಸಂಕಟವನ್ನೆಲ್ಲ ಅವಳು ಎದುರಿಗಿದ್ದವಳ ಮೇಲೆ ಸುರಿದಳು.

"ನೋಡು ಪಲ್ಲವಿ, ಇದು ಹೊಲದ ಲೆಕ್ಕ. ಹೊಲಾ ಮನಿ ಇದ್ದವ್ರಿಗೆ ತಿಳೀತೈತಿ ಇದು. ನಿಮಗೆಲ್ಲೈತಿ ಹೊಲ?"

ಆಡಿದ ಮೇಲೆ ಮಾತು ಎಷ್ಟು ದೊಡ್ಡದಿತ್ತೆಂದು ಅವಳಿಗೇ ಕೇಳಿಸಿತು. ಪಲ್ಲವಿ ಪೆನ್ನಿನ ಮುಚ್ಚಳ ಹಾಕಿದಳು. ಹಾಳೆಗಳನ್ನು ಅಂಚು ಕೂಡಿಸಿ ಮಡಚಿದಳು.

"ಇಲ್ಲ," ಎಂದಳು. "ನಮಗ ಹೊಲ ಇಲ್ಲ. ಅದಕ್ಕ ನಾ ಎಲ್ಲಾ ಕೇಳಿ ಬರಕೊಂಡೇನಿ." ಹಾಳೆಗಳನ್ನು ಚೀಲಕ್ಕೆ ಹಾಕುತ್ತ ಮುಂದುವರಿಸಿದಳು. "ಸರ್‌ಗ ಫೋನ್ ಹಚ್ಚು. ಬಿತ್ತೂದರೊಳಗ ಇದು ಹರೀಬೇಕು."

ಸರ್ ಮುದ್ದೇಬಿಹಾಳದ ಕ್ಲಾಸು ಮುಗಿಸಿ ಇಂಡಿಯ ದಾರಿ ಹಿಡಿದಿದ್ದರು. ಬಸ್ಸಿನ ಗದ್ದಲದಲ್ಲಿ ಅವರ ದನಿ ಹರಿದು ಹರಿದು ಬಂತು. ಇಬ್ಬರೂ ಎರಡೆರಡು ಪದ್ಧತಿಯಿಂದ ಮಾಡಿದ್ದಾರೆ, ಇಬ್ಬರದೂ ಅವರವರ ಮಟ್ಟಿಗೆ ಗಟ್ಟಿಯಾಗಿದೆ ಎಂದು ಕೇಳಿದಾಗ ಅವರು ನಕ್ಕರು. ಆ ನಗುವಿನಲ್ಲಿ ಸಂತೋಷವಿತ್ತು. ರಾಜಶ್ರೀಗೆ ಮೈಯೆಲ್ಲ ಉರಿಯಿತು.

"ಭಾಳ ಚಲೋ ಆತು! ಹಂಗಾರ ತಪ್ಪು ಬಿಡಸೂದರಾಗಿಲ್ಲ," ಎಂದರು ಸರ್. "ಈಗ ಧಾರಣಿ ಹೇಳಕೋರಿ ಒಬ್ಬರಿಗೊಬ್ಬರು. ನೆಲಕ್ಕೆಷ್ಟು, ನೀರಿಗೆಷ್ಟು, ಕೈಗೆಷ್ಟು. ಬರೇ ಧಾರಣಿ. ವರ್ಕಿಂಗ್ ತೋರಸಬ್ಯಾಡ್ರಿ. ತಪ್ಪು ಎಲ್ಲೈತಿ ಅಂತ ಅದ ಕೈ ಮಾಡಿ ತೋರಸ್ತೈತಿ." ಮುಂದಿನ ಮಾತನ್ನು ಬಸ್ಸಿನ ಹಾರ್ನು ನುಂಗಿತು.

ಮಸೂತಿಯ ಬಸ್ಸಿಗೆ ಹೊತ್ತಾಗಿತ್ತು. "ನಾನೂ ಬರ್ತೇನಿ," ಎಂದು ಪಲ್ಲವಿ ಚೀಲ ಹೆಗಲಿಗೇರಿಸಿದಳು. ಬಸ್ ಸ್ಟ್ಯಾಂಡಿನವರೆಗೆ ಒಬ್ಬಳು ರಸ್ತೆಯ ಈ ಬದಿ, ಇನ್ನೊಬ್ಬಳು ಆ ಬದಿ ಎಂಬಂತೆ ನಡೆದರು. ಗಿರಮಿಟ್ಟಿನ ಅಂಗಡಿಯನ್ನು ಇಬ್ಬರೂ ನೋಡದವರಂತೆ ದಾಟಿದರು.

ಬಸ್ಸು ತುಂಬಿತ್ತು. ಸಂತೆಯ ಚೀಲಗಳ ನಡುವೆ ಇಬ್ಬರಿಗೂ ಸೇರಿ ಒಂದೂವರೆ ಸೀಟು ಸಿಕ್ಕಿತು, ಹೀಗಾಗಿ ಮುನಿಸಿಕೊಂಡು ದೂರ ಕೂರುವ ಅನುಕೂಲವೂ ತಪ್ಪಿತು. ಊರು ದಾಟಿದ ಮೇಲೆ ಪಲ್ಲವಿ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು:

"ನೆಲಕ್ಕ ಎಕರೆಕ್ಕ ಹತ್ತ ಸಾವಿರ. ನೀರಿಗೆ ಸೊನ್ನಿ. ಒಂದ ದಿನದ ಕೈಗೆ ಅರ್ಧ ಸಾವಿರ."

ರಾಜಶ್ರೀ ಮೂಲ ಲೆಕ್ಕ ಮಾಡಿದವಳು. ಅವಳು ಬೆಲೆಗಳ ಕಡೆ ನೋಡಿಯೇ ಇರಲಿಲ್ಲ. ಆದರೆ ಸಿಂಪ್ಲೆಕ್ಸಿನ ಕೊನೆಯ ಸಾಲಿನ ಬಲತುದಿಯಲ್ಲಿ ಅವು ತಾವಾಗಿ ಬಂದು ಕುಳಿತಿರುತ್ತವೆ ಎಂಬುದು ಗೊತ್ತಿತ್ತು. ಹಾಳೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ನೆಲದ ಕೆಳಗೆ ಹತ್ತು. ನೀರಿನ ಕೆಳಗೆ ಸೊನ್ನೆ. ಕೈಗಳ ಕೆಳಗೆ ಅರ್ಧ.

"ಯವ್ವಾ!" ಎಂದಳು.

"ಏನ?"

"ಅವ ಅದಾವ. ನನ್ನ ಧಾರಣಿನೂ ಅವ ಅದಾವ! ಹತ್ತು, ಸೊನ್ನಿ, ಅರ್ಧ!"

ಪಲ್ಲವಿ ಕಿಟಕಿಯಿಂದ ಮುಖ ತಿರುಗಿಸಿದಳು. ಮುನಿಸು ಎಲ್ಲಿ ಹೋಯಿತೋ, ಇಬ್ಬರ ತಲೆಯೂ ಹಾಳೆಯ ಮೇಲೆ ಬಾಗಿ ಒಂದಕ್ಕೊಂದು ಢಿಕ್ಕಿ ಹೊಡೆದವು. ಬೆಲೆಗಳು ಒಂದೇ. ಮೊತ್ತ ಮಾತ್ರ ಬೇರೆ. ಒಂದೇ ಧಾರಣೆಯಲ್ಲಿ ಇಬ್ಬರು ಸಂತೆ ಮಾಡಿದ್ದಾರೆ, ಒಬ್ಬಳ ಚೀಲದಲ್ಲಿ ಮೂರು ಸಾವಿರದ ಮಾಲು ಹೆಚ್ಚಿಗಿದೆ. ಹಾಗಾದರೆ ಲೆಕ್ಕ ಬಿಡಿಸಿದ್ದರಲ್ಲಿ ತಪ್ಪಿಲ್ಲ. ಒಳಗೆ ಹಾಕಿದ ಮಾಲಿನಲ್ಲೇ ಏನೋ ಹೆಚ್ಚು ಕಡಿಮೆ ಇದೆ.

ರಾಜಶ್ರೀ ಪೆನ್ನಿನ ಮುಚ್ಚಳ ತೆಗೆದಳು. ನಕ್ಷೆಯ ಮೇಲೆ ಎರಡು ಗೆರೆ ಕೂಡುವ ಜಾಗಕ್ಕೆ ಪೆನ್ಸಿಲ್ ಹೋಗುವಾಗ ಆಗುತ್ತಿದ್ದ ಅದೇ ಖುಷಿ, ಆದರೆ ಅದರ ಹತ್ತು ಪಟ್ಟು.

"ತಡಿ ತಡಿ. ನೀರ ಇರಾಕ ಸಾಧ್ಯ ಇಲ್ಲ," ಎಂದಳು. "ನೀರಿಗೆ ಸೊನ್ನಿ. ನೀರ ಎಷ್ಟ ತಪ್ಪ ಬರದಿದ್ರೂ ಮೊತ್ತ ಅಳ್ಳಾಡಂಗಿಲ್ಲ."

"ಕೈ ಇದ್ರ? ಅರ್ಧಾ ಸಾವಿರದಂಗ ಮೂರ ಸಾವಿರ ಅಂದ್ರ ಆರ ದಿನ ಆಗಬೇಕು. ಎಂಟ ಮಂದಿ, ಒಬ್ಬೊಬ್ಬರಿಗಿ ಇಪ್ಪತ್ತ ದಿನ. ನಿಂದೆಷ್ಟೈತಿ?"

"ನೂರಾ ಅರವತ್ತ."

"ನಂದೂ ಅಷ್ಟ."

"ಹಂಗಾರ ನೆಲ!" ರಾಜಶ್ರೀ ಪಲ್ಲವಿಯ ಮೊಣಕೈ ಹಿಡಿದಳು. "ಎಕರೆಕ್ಕ ಹತ್ತ ಸಾವಿರ. ಮೂರ ಸಾವಿರ ಕಮ್ಮಿ ಬಿದ್ದಾವ. ಅಂದ್ರ ಒಂದ ಎಕರೆದ ಹತ್ತರೊಳಗ ಮೂರ ಪಾಲ ಕಳದೈತಿ. ನಲವತ್ತ ಗುಂಟೆದಾಗ... ಹನ್ನೆರಡ ಗುಂಟೆ. ಹನ್ನೆರಡ ಗುಂಟೆ ಎಲ್ಲಿ ಹೋತು? ಏ, ಹನ್ನೆರಡ ಗುಂಟೆ ಎಲ್ಲಿ ಹೋತು?"

ಕೊನೆಯ ಮಾತನ್ನು ಅವಳು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ್ದಳು. ಮುಂದಿನ ಸೀಟಿನ ಅಜ್ಜ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತ. ಜಮೀನಿನ ಮಾತೆಂದರೆ ಆ ಕಡೆಯ ಯಾವ ಅಜ್ಜನಿಗೂ ನಿದ್ದೆ ಬರುವುದಿಲ್ಲ.

"ಯಾರ ಒತ್ಯಾರ ತಂಗಿ? ಬಾಜೂದವ್ರ ಏನ? ಮೋಜಣಿ ಮಾಡಸ್ರಿ, ಹೊಲಾ ಅಳಸ್ರಿ. ಬಿಡಬ್ಯಾಡ್ರಿ."

"ಯಾರೂ ಒತ್ತಿಲ್ರಿ ಯಜ್ಜಾ," ಎಂದಳು ಪಲ್ಲವಿ. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು ಬಂದಿತ್ತು. "ಲೆಕ್ಕದಾಗ ಕಳದೈತ್ರಿ."

"ಲೆಕ್ಕದಾಗ ಕಳದಿದ್ದ ತಲಾಟಿ ಕಡೆ ಸಿಗ್ತೈತಿ ನೋಡು," ಎಂದು ಅಜ್ಜ ಊರಿನ ಜಮೀನು ದಾಖಲೆ ಬರೆಯುವವನ ಜೊತೆಗಿನ ತನ್ನ ಅನುಭವ ಹೇಳತೊಡಗಿದ. ಇವರು ಅದನ್ನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

"ಹೊಲ ಎಷ್ಟಂತ ಹಾಕೀದಿ?" ಪಲ್ಲವಿ ಕೇಳಿದಳು.

"ಐದ ಎಕರೆ ಇಪ್ಪತ್ತ ಗುಂಟೆ. ಅವ್ವ ಹೇಳಿದ್ದ ಅಷ್ಟ. ನೋಡಿಲ್ಲಿ, ಐದು, ಚುಕ್ಕಿ, ಇಪ್ಪ..."

ಮಾತು ಅರ್ಧಕ್ಕೆ ನಿಂತಿತು. ಅವಳ ಬೆರಳು ಹಾಳೆಯ ಮೇಲೆ ಮೊದಲ ಸಾಲಿನಲ್ಲಿಯೇ ಇತ್ತು. 5.20. ಊರಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಅವಳ ಅಜ್ಜ ಹಾಗೆಯೇ ಬರೆದ, ಅಪ್ಪ ಹಾಗೆಯೇ ಬರೆದ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಅವಳಿಗೆ ಎದೆಹಾಲಿನ ಜೊತೆ ಬಂದ ವಿದ್ಯೆ. ಇಪ್ಪತ್ತು ಗುಂಟೆ ಎಂದರೆ ಅರ್ಧ ಎಕರೆ. ಆದರೆ ಸಮೀಕರಣದ ಒಳಗೆ ಕಾಲಿಟ್ಟ ಕೂಡಲೇ ಅದೇ ಇಪ್ಪತ್ತನ್ನು ಅವಳು ನೂರರ ಲೆಕ್ಕಕ್ಕೆ ಹಾಕಿಬಿಟ್ಟಿದ್ದಳು. ಅರ್ಧ ಎಕರೆ ಇದ್ದದ್ದು ಒಂದು ಎಕರೆಯ ಐದನೆಯ ಒಂದು ಪಾಲಾಗಿ ಕುಗ್ಗಿತ್ತು. ಇನ್ನೂ ಚೆಂದವೆಂದರೆ, ಕೊನೆಯಲ್ಲಿ ಉತ್ತರ ಬಂದಾಗ ತಾಯಿಗೆ ಹೇಳಲು ಅದನ್ನು ಮತ್ತೆ ಗುಂಟೆಗೆ ತಿರುಗಿಸಿದ್ದಳು, ಅದೂ ಸರಿಯಾಗಿ, ನಲವತ್ತರ ಲೆಕ್ಕದಲ್ಲಿ. ಹೊರಗೆ ಬರುವಾಗ ಇದ್ದ ಎಚ್ಚರ ಒಳಗೆ ಹೋಗುವಾಗ ಇರಲಿಲ್ಲ.

"ನೀ ಏನ ಹಾಕೀದಿ?" ಎಂದು ಕೇಳಿದಳು. ಕೇಳುವ ಅಗತ್ಯವೇ ಇರಲಿಲ್ಲ.

"ಐದೂವರಿ," ಎಂದಳು ಪಲ್ಲವಿ. "ನನಗ ಗುಂಟೆ ಅಂದ್ರ ಎಷ್ಟಂತ ಗೊತ್ತಿರಲಿಲ್ಲ. ಅವತ್ತ ನಿಮ್ಮ ಹೊಲಕ್ಕ ಹ್ವಾದಾಗ ಕೇಳಿದ್ನಿ. ಎಲ್ಲಾರೂ ನಕ್ರು."

ಐದೂವರೆ ಹಾಕಿ ಇಬ್ಬರೂ ಹಾಳೆಯ ಅಂಚಿನಲ್ಲೇ ಲೆಕ್ಕ ಬಿಡಿಸಿದರು. ಬಸ್ಸು ಕುಣಿಯುತ್ತಿತ್ತು, ಅಕ್ಷರಗಳೂ ಕುಣಿದವು. ಉಳ್ಳಾಗಡ್ಡಿ ಮೂರು ಎಕರೆ. ಕಡಲೆ ಎರಡೂವರೆ ಎಕರೆ. ಮೊತ್ತ ನೂರ ಮೂವತ್ತೈದು. ಎಲ್ಲವೂ ಎಷ್ಟು ಸಲೀಸಾಗಿ ಬಂದು ಕೂಡಿತೆಂದರೆ ರಾಜಶ್ರೀಗೆ ಸೋತದ್ದು ನೆನಪೇ ಆಗಲಿಲ್ಲ. ಕಳೆದ ಹನ್ನೆರಡು ಗುಂಟೆಯನ್ನು ಆ ಬೆಲೆಯೇ ಹುಡುಕಿ ಕೊಟ್ಟಿತ್ತು! ಹೊಲವನ್ನೇ ನೋಡದೆ, ಬರೀ ಮೂರನ್ನು ಹತ್ತರಿಂದ ಭಾಗಿಸಿ! ಪಾಠದಲ್ಲಿ ಅದನ್ನು ಎಷ್ಟೋ ಸಲ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದಳು. ಅದು ಹೀಗೆ ಬದುಕಿರುವ ಸಂಗತಿ ಎಂದು ಅವಳಿಗೆ ಇವತ್ತೇ ತಿಳಿದದ್ದು.

ಊರು ಹತ್ತಿರ ಬಂದ ಹಾಗೆ ಆ ಸಂಭ್ರಮದ ಅಡಿಯಿಂದ ಬೇರೆಯದೊಂದು ಮೇಲೆದ್ದಿತು.

"ಪಲ್ಲವಿ, ಮಧ್ಯಾಹ್ನ ನಾ ಅಂದದ್ದು..."

"ನಿಮ್ಮ ಸ್ಟಾಪ್ ಬಂತು. ಇಳಿ," ಎಂದಳು ಪಲ್ಲವಿ.

ಹೊಲದಲ್ಲಿ ಎಂಟೂ ಮಂದಿ ಇದ್ದರು. ಇಳಿಬಿಸಿಲಿನಲ್ಲಿ ಕರಿನೆಲ ಹದವಾಗಿ ಹರಡಿತ್ತು. ಪಡುವಣ ಬದುವಿನಿಂದ ಶುರುಮಾಡಿ ಸಾಲಾಗಿ ಗೂಟ ಹೊಡೆದು, ಗೂಟದ ತಲೆಗೆ ಹಳೆಯ ಸೀರೆಯ ಚಿಂದಿ ಕಟ್ಟಿದ್ದರು. ಉಳ್ಳಾಗಡ್ಡಿಗೆ ಕೆಂಪು ಚಿಂದಿ, ಕಡಲೆಗೆ ಹಸಿರು. ಗಂಟು ಹಾಕಿದ ಉದ್ದನೆಯ ಹಗ್ಗ ಬದುವಿನ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಮೂಡಣ ಬದುವಿಗೆ ಅಂಟಿಕೊಂಡು ಒಂದು ಪಟ್ಟಿ ನೆಲ ಯಾವ ಗುರುತೂ ಇಲ್ಲದೆ ಖಾಲಿ ಉಳಿದಿತ್ತು. ರಾಜಶ್ರೀ ಬಂದವಳೇ ಅದನ್ನು ನೋಡಿದಳು, ಎಷ್ಟಿದೆ ಎಂದು ಕೇಳಬೇಕಾಗಿರಲಿಲ್ಲ.

"ಅವ್ವ, ಅಲ್ಲಿ ಯಾಕ ಬಿಟ್ಟೀರಿ?"

"ನಿನ್ನ ಲೆಕ್ಕದಾಗ ಅದು ಬಂದಿಲ್ಲಲ್ಲವಾ," ಎಂದಳು ಸುಂದರವ್ವ. "ಮೂರ ಎಕರೆ ಎಂಟು, ಎರಡ ಎಕರೆ. ಮುಗೀತಲ್ಲ. ಅಳದ ನೋಡಿದ್ರ ಇಷ್ಟ ಉಳೀತು. ಇದರಾಗ ಏನ ಬಿತ್ತೂದು ಅಂತ ಶೆಟ್ಟೆವ್ವ ಜಗಳಕ್ಕ ಬಂದ್ಲು. ನಾ ಹೇಳಿದ್ನಿ, ನನ್ನ ಮಗಳ ಲೆಕ್ಕ ಖಾಲಿ ಬಿಡು ಅಂದ್ರ ಖಾಲಿ ಬಿಡೂದು. ಅದಕ್ಕೇನೋ ಕಾರಣ ಇರ್ತೈತಿ ಅಂತ."

ಹೆಂಗಸರು ಅಷ್ಟರಲ್ಲಿ ಕಾರಣವನ್ನೂ ಹುಡುಕಿಟ್ಟಿದ್ದರು. ಕಿತ್ತ ಉಳ್ಳಾಗಡ್ಡಿ ರಾಶಿ ಹಾಕಲು ಜಾಗ ಬೇಕಲ್ಲ, ಅದಕ್ಕೇ ಬಿಟ್ಟದ್ದು ಎಂದು ಒಬ್ಬಳು. ಟ್ರ್ಯಾಕ್ಟರು ತಿರುಗಬೇಕಲ್ಲ ಎಂದು ಇನ್ನೊಬ್ಬಳು. ಎಲ್ಲರಿಗಿಂತ ಚಿಕ್ಕವಳಾದ ರೇಣುಕಾ, ನೆಲಕ್ಕೂ ಒಂದಿಷ್ಟು ವಿಶ್ರಾಂತಿ ಬೇಕಂತ ಓದಿದವರು ಹೇಳುತ್ತಾರೆ ಎಂದಿದ್ದಳು. ಎಲ್ಲರೂ ಈಗ ರಾಜಶ್ರೀಯ ಮುಖವನ್ನೇ ನೋಡುತ್ತಿದ್ದರು, ಯಾರ ಕಾರಣ ಸರಿ ಎಂದು ಅವಳು ಹೇಳಬೇಕು.

ಹೇಳಿಬಿಡಬಹುದಿತ್ತು. ಅದು ಅವಳ ನಾಲಿಗೆಯ ತುದಿಗೂ ಬಂತು. "ಅಲ್ಲಿ ಕಡಲಿ ಹಾಕ್ರಿ, ನಾ ಹೇಳೂದ ಮರತಿದ್ನಿ" ಎಂದರೆ ಮುಗಿಯಿತು. ತಾಯಿಯ ಮಾತೂ ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಅವಳು ಪಲ್ಲವಿಯ ಕಡೆ ನೋಡಿದಳು. ಪಲ್ಲವಿ ಏನೂ ಹೇಳುವ ಹಾಗೆ ಕಾಣಲಿಲ್ಲ. ಆದರೆ ಬದುವಿನ ಮೇಲೆ ನಿಂತು ಅವಳೂ ಅದೇ ಲೆಕ್ಕ ಹಾಕುತ್ತಿದ್ದಳೆಂದು ತೋರುತ್ತದೆ.

"ಅಲ್ಲಿ ಬರೇ ಕಡಲಿ ತುಂಬಿದ್ರ ಕೈ ಸಾಲಂಗಿಲ್ಲ," ಎಂದಳು ಮೆಲ್ಲಗೆ, ರಾಜಶ್ರೀಗೆ ಮಾತ್ರ ಕೇಳುವಂತೆ. "ಉಳ್ಳಾಗಡ್ಡಿ ಕೀಳೂ ಹೊತ್ತಿಗೆ ಐದ ದಿನದ ಆಳ ಕಮ್ಮಿ ಬೀಳ್ತಾವ."

ರಾಜಶ್ರೀ ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು.

"ಕಾರಣ ಏನೂ ಇಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ನಾ ತಪ್ಪ ಮಾಡೇನಿ. ಇಪ್ಪತ್ತ ಗುಂಟೆ ಅಂದ್ರ ಅರ್ಧ ಎಕರೆ ಅನ್ನೂದ ಮರತ ಲೆಕ್ಕಾ ಮಾಡೇನಿ. ಆ ಹನ್ನೆರಡ ಗುಂಟೆ ನಾ ಕಳದದ್ದು. ಪಲ್ಲವಿ ಲೆಕ್ಕ ಖರೇ ಐತಿ. ಉಳ್ಳಾಗಡ್ಡಿ ಮೂರ ಎಕರೆ, ಕಡಲಿ ಎರಡೂವರಿ. ಲೆಕ್ಕಾ ಕೂಡೂದ್ರೊಳಗ ನಾ ನಿನ್ನಿ ಸಂಜೀಕ ಅವ್ವಗ ಹೇಳಬಾರದಿತ್ತು. ಅವ್ವಂದೇನೂ ತಪ್ಪಿಲ್ಲ."

ಸುಂದರವ್ವ ಮಗಳನ್ನೊಮ್ಮೆ, ಖಾಲಿ ಪಟ್ಟಿಯನ್ನೊಮ್ಮೆ ನೋಡಿದಳು. ಅವಳ ಮುಖದ ಬಣ್ಣ ಇಳಿಯುವುದು ಅಷ್ಟು ದೂರಕ್ಕೂ ಕಾಣಿಸಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನಾಗಿಯೇ ನಾಲ್ಕು ಹೆಜ್ಜೆ ನಡೆದು ಶೆಟ್ಟೆವ್ವನ ಮುಂದೆ ಹೋಗಿ ನಿಂತಳು. ಆಡಿದ ಮಾತಿಗೆ ಬೆನ್ನು ತೋರಿಸುವ ಜಾಯಮಾನ ಅವಳದಲ್ಲ.

ಶೆಟ್ಟೆವ್ವ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಉಗಳಾಕ ಬಾಯಾಗ ಎಲಿ ಅಡಕಿ ಇಲ್ಲ," ಎಂದಳು. "ನಾಳೆ ನೋಡೂಣು. ಈಗ ಹೊತ್ತ ಮುಳಗಾಕತ್ತೈತಿ, ಗೂಟ ಎಲ್ಲಿ ಹೊಡೀಬೇಕು ಹೇಳ್ರಿ."

ಮೊದಲು ನಕ್ಕವಳು ರೇಣುಕಾ. ಆಮೇಲೆ ಎಲ್ಲರೂ ನಕ್ಕರು. ಸುಂದರವ್ವ ನಗುವುದೋ ಅಳುವುದೋ ತಿಳಿಯದೆ ಶೆಟ್ಟೆವ್ವನ ತೋಳಿಗೆ ಒಂದು ಗುದ್ದು ಕೊಟ್ಟಳು. ಶೆಟ್ಟೆವ್ವನ ಕಣ್ಣು ಆಗಲೇ ಪಲ್ಲವಿಯ ಮೇಲಿತ್ತು.

"ಗುಂಟೆ ಅಂದ್ರ ಏನ್ರಿ ಅಂತ ಕೇಳಿದಾಕಿ ನೀನ ಅಲ್ಲೇನ ತಂಗಿ? ನಕ್ಕಿದ್ನಿ ನಾ ಅವತ್ತ. ಹೊಟ್ಟಿಗ ಹಾಕೋ ಮತ್ತ. ಇನ್ನೇನ ಹೇಳ್ತೈತಿ ನಿನ್ನ ಲೆಕ್ಕ?"

ಪಲ್ಲವಿ ಹತ್ತು ಮಂದಿಯ ಮುಂದೆ ಮಾತಾಡುವವಳಲ್ಲ, ಬದುವಿನ ಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ರಾಜಶ್ರೀ ಮತ್ತೆ ಬದು ಹತ್ತಿ ಅವಳನ್ನು ಮುಂದಕ್ಕೆ ತಳ್ಳಿದಳು. "ಧಾರಣಿ ಹೇಳು, ಧಾರಣಿ ಹೇಳು," ಎಂದು ಹಿಂದಿನಿಂದ ತಿವಿದಳು.

"ನೀರಿಗೆ ಸೊನ್ನಿ ಅಂತೈತ್ರಿ," ಎಂದಳು ಪಲ್ಲವಿ. "ನಿಮ್ಮ ಪಾಳಿದಾಗ ವಾರಕ್ಕ ನಾಕ ತಾಸ ನೀರ ಉಳೀತಾವ. ಇನ್ನೊಂದ ತಾಸ ಸಿಕ್ರೂ ಉಪಯೋಗ ಇಲ್ಲ."

"ಅಯ್ಯ ನಿನ್ನ!" ಎಂದು ಶೆಟ್ಟೆವ್ವ ಹಣೆ ಬಡಿದುಕೊಂಡಳು. ಅದೇ ಒಂದು ತಾಸು ಹೆಚ್ಚಿನ ನೀರಿಗಾಗಿ ಅವಳು ಮೊನ್ನೆ ಚಂದಪ್ಪನ ಮನೆಯ ಮುಂದೆ ನಿಂತು ಅವನ ಮೂರು ತಲೆಮಾರನ್ನು ಜಾಲಾಡಿ ಬಂದಿದ್ದಳು. ಹೆಂಗಸರು ಮತ್ತೆ ನಗುವಿಗೆ ಬಿದ್ದರು.

"ಮತ್ತ ನಿಮ್ಮ ಕೈ," ಪಲ್ಲವಿಯ ದನಿ ಈಗ ಗಟ್ಟಿಯಾಗಿತ್ತು. "ಈ ಹೊಲದಾಗ ಎಲ್ಲಾಕಿಂತ ಕಿಮ್ಮತ್ತ ಇರೂದು ನಿಮ್ಮ ಕೈಗೆ. ನಿಮ್ಮೊಳಗ ಒಬ್ಬರು ಒಂದ ದಿನ ಹೆಚ್ಚ ದುಡದ್ರ ಇಲ್ಲಿ ಐದನೂರ ಹೆಚ್ಚ ಬರ್ತೈತಿ."

ನಗು ನಿಂತಿತು. ಮಂದಿಯ ಹೊಲದಲ್ಲಿ ಅದೇ ಕೈಗಳಿಗೆ ಸಿಗುತ್ತಿದ್ದ ಪಗಾರ ಇದಕ್ಕಿಂತ ಎಷ್ಟು ಕಮ್ಮಿಯೆಂದು ಪ್ರತಿಯೊಬ್ಬಳಿಗೂ ಗೊತ್ತಿತ್ತು. ರೇಣುಕಾ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ಇನ್ನೊಮ್ಮೆ ಹೇಳು," ಎಂದಳು ಶೆಟ್ಟೆವ್ವ.

ಪಲ್ಲವಿ ಇನ್ನೊಮ್ಮೆ ಹೇಳಿದಳು. ಎಂಟೂ ಮಂದಿ ಒಟ್ಟಿಗೇ ಮಾತಾಡಲು ಶುರುಮಾಡಿದರು. ಯಾರು ಯಾರ ಹೊಲಕ್ಕೆ ಕಳೆ ಕೀಳಲು ಹೋಗಬೇಕಿಲ್ಲ, ಇಲ್ಲಿ ಇನ್ನೆಷ್ಟು ದಿನ ಕೊಡಬಹುದು, ಯಾವ ಅತ್ತೆಯನ್ನು ಮನೆ ನೋಡಿಕೊಳ್ಳಲು ಒಪ್ಪಿಸಬಹುದು. ಆ ಗದ್ದಲದಲ್ಲಿ ರಾಜಶ್ರೀಯ ತಲೆ ಆಗಲೇ ಓಡತೊಡಗಿತ್ತು. ದಿನ ಹೆಚ್ಚಾದರೆ ಕೈಗಳ ಗೆರೆ ಆಚೆ ಸರಿಯುತ್ತದೆ, ಮೂಲೆ ಬದಲಾಗುತ್ತದೆ, ಮತ್ತೆ ಬಿಡಿಸಬೇಕು. ಎಷ್ಟು ದಿನದವರೆಗೆ ಈ ಐದುನೂರು ನಿಲ್ಲುತ್ತದೆ? ಅದನ್ನೂ ಬಿಡಿಸಬೇಕು.

"ಸಾಕು, ಸಾಕು, ಹೊತ್ತಾತು!" ಸುಂದರವ್ವ ಎಲ್ಲರ ಮೇಲೆ ದನಿ ಎತ್ತಿದಳು. ಅವಳ ಮುಖಕ್ಕೆ ಬಣ್ಣ ಮರಳಿತ್ತು. "ಮೊದಲ ಗೂಟ ಕೀಳ್ರಿ. ಕೆಂಪು ಚಿಂದಿ ಎಂಟ ಗುಂಟೆ ಹಿಂದ ತರ್ರಿ. ಹಸರಂದು ಬದುವಿನ ತನಕ."

ಹಗ್ಗ ಬಿಚ್ಚಿದರು. ಒಂದು ತುದಿಯನ್ನು ಶೆಟ್ಟೆವ್ವ ರಾಜಶ್ರೀಯ ಕೈಗಿಟ್ಟಳು. ಇನ್ನೊಂದು ತುದಿಗೆ ರೇಣುಕಾ ಕೈ ಹಾಕಿದ್ದಳು.

"ನೀ ಬಿಡು," ಎಂದಳು ಸುಂದರವ್ವ. ಬದುವಿನ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ ಪಲ್ಲವಿಯ ಕಡೆ ತಿರುಗಿದಳು. "ಏ ತಂಗಿ, ಅಲ್ಲೇನ ನಿಂತಿ? ಇಳಿ ಕೆಳಗ. ಈ ತುದಿ ನೀ ಹಿಡಿ."

ಪಲ್ಲವಿ ಚಪ್ಪಲಿ ಕಳಚಿದಳು. ಹದವಾದ ಕರಿಮಣ್ಣಿನಲ್ಲಿ ಅವಳ ಕಾಲು ಹಿಮ್ಮಡಿಯವರೆಗೆ ಇಳಿಯಿತು. ಅವಳು ಹಗ್ಗದ ತುದಿಯನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡು ಆಚೆ ಬದುವಿನ ಕಡೆ ನಡೆದಳು. ಹಗ್ಗ ಗಂಟು ಗಂಟಾಗಿ ಬಿಚ್ಚಿಕೊಳ್ಳುತ್ತ ಅವಳ ಹಿಂದೆ ಹೋಯಿತು. ದೂರ ಹೋಗಿ ನಿಂತು, ತಿರುಗಿ, ಒಮ್ಮೆ ಬಲವಾಗಿ ಜಗ್ಗಿದಳು. ಈಚೆ ತುದಿಯಲ್ಲಿ ರಾಜಶ್ರೀ ಮುಗ್ಗರಿಸಿ, ಸಾವರಿಸಿಕೊಂಡು, ಎರಡೂ ಕಾಲು ಊರಿ ಹಗ್ಗವನ್ನು ಹಿಡಿದಳು.